ಕೊಡಗಿನ ಸೂಪರ್‌ಮಾರ್ಕೆಟ್‌ನಲ್ಲೂ ಹೊರದೇಶದ ಕಾಳುಮೆಣಸು ಏಕೆ?

ಕರ್ನಾಟಕದಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ಜಿಲ್ಲೆಯಲ್ಲೇ ಹೊರದೇಶದ ಮೆಣಸು ಮಾರಾಟವಾದರೆ ಬೇಸರ ಆಗೋದು ಸಹಜ. ಮುಖ್ಯ ಕಾರಣ ಬೆಲೆ. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವುದು ವಿಯೆಟ್ನಾಂ. ಅಲ್ಲಿ ಮೆಣಸಿನದೇ ದೊಡ್ಡ ತೋಟಗಳಿವೆ, ಇಳುವರಿ ಜಾಸ್ತಿ. ನಮ್ಮಲ್ಲಿ ಬಳ್ಳಿ ಹಬ್ಬುವುದು ಕಾಫಿ ತೋಟದ ಸಿಲ್ವರ್ ಓಕ್ ಮತ್ತು ಕಾಡು ಮರಗಳಿಗೆ. ಏಣಿ ಹಾಕಿ ಕೊಯ್ಯಬೇಕು, ಆಳಿನ ಕೂಲಿಯೇ ದೊಡ್ಡ ಖರ್ಚು. ಆದರೆ ಆ ಮರಗಳು ಉಳಿದಿರುವುದಕ್ಕೆ ಮೆಣಸೂ ಒಂದು ಕಾರಣ. ಬೆಲೆ ಹೋಲಿಸುವಾಗ ಇದನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ ಅನ್ನೋದೇ ನನ್ನ ನೋವು.

ಅಗ್ಗದ ಆಮದು ತಡೆಯಲು ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಅದಕ್ಕಿಂತ ಹೆಚ್ಚಿನ ಬೆಲೆಗೆ ತರಿಸಲು ಅಡ್ಡಿಯಿಲ್ಲ.

ಆಮದು ಮಾಡಿದ ಪ್ಯಾಕೆಟ್ ಮೇಲೆ ಯಾವ ದೇಶದ್ದು ಅಂತ ಬರೆದಿರಬೇಕು, ಓದಿ ನೋಡಿ. ‘ಕೂರ್ಗ್’ ಅನ್ನೋ ಬ್ರ್ಯಾಂಡ್ ಹೆಸರು ನೋಡಿ ಸುಮ್ನೆ ನಂಬಬೇಡಿ. ಬಿಡಿ ಮೆಣಸಾದರೆ ಎಲ್ಲಿಯದು ಅಂತ ಅಂಗಡಿಯಲ್ಲೇ ಕೇಳಿ. ಪರಿಚಯದ ಬೆಳೆಗಾರರಿದ್ದರೆ ಕೊಯ್ಲಿನ ನಂತರ ವರ್ಷಕ್ಕಾಗುವಷ್ಟು ಅವರಿಂದಲೇ ತಗೊಳ್ಳಿ. ಚೆನ್ನಾಗಿ ಒಣಗಿಸಿಟ್ಟರೆ ಕೆಡುವುದಿಲ್ಲ.