ಓದುಗರ ಪ್ರಶ್ನೆ: ಕುದುರೆ ನೋಡಲು ಬಿಕಾನೇರಿನವರೆಗೆ ಹೋಗಬೇಕೇ?

ಪ್ರಶ್ನೆ: ನನ್ನ ಮೊಮ್ಮಗನಿಗೆ ಹನ್ನೊಂದು ವರ್ಷ, ಕುದುರೆ ಎಂದರೆ ಪ್ರಾಣ. ದೇಶಿ ತಳಿಯ ಕುದುರೆಗಳನ್ನು ಉಳಿಸುವ ಸರಕಾರಿ ಕೇಂದ್ರವೊಂದು ಬಿಕಾನೇರಿನಲ್ಲಿದೆ ಎಂದು ಓದಿದಾಗಿನಿಂದ ಅಲ್ಲಿಗೆ ಹೋಗೋಣವೆಂದು ಹಟ ಹಿಡಿದಿದ್ದಾನೆ. ಅಷ್ಟು ದೂರ ಹೋಗುವುದು ಸಾರ್ಥಕವೇ, ಕುಣಿಗಲ್‌ನ ಕುದುರೆ ಫಾರಂ ತೋರಿಸಿದರೆ ಸಾಲದೇ? ಯಾವಾಗ ಹೋಗಬೇಕು?
– ಒಬ್ಬ ಓದುಗರು, ರಾಣೆಬೆನ್ನೂರು

ಉತ್ತರ: ಖಂಡಿತ ಹೋಗಿ ಬನ್ನಿ. ಕುಣಿಗಲ್ ಅದಕ್ಕೆ ಬದಲಿಯಾಗಲಾರದು, ಏಕೆಂದರೆ ಅಲ್ಲಿ ಬೆಳೆಸಿದ್ದು ಪಂದ್ಯದ ಥರೋಬ್ರೆಡ್ ಕುದುರೆಗಳನ್ನು. ಆ ತಳಿಗೆ ನಶಿಸುವ ಭಯವಿಲ್ಲ. ಭಯವಿರುವುದು ನಮ್ಮ ನೆಲದ ತಳಿಗಳಿಗೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 6.25 ಲಕ್ಷ ಕುದುರೆ ಮತ್ತು ತಟ್ಟುಗಳಿದ್ದವು. 2019ರ ಗಣತಿಗೆ ಆ ಸಂಖ್ಯೆ 3.4 ಲಕ್ಷಕ್ಕೆ ಇಳಿದಿತ್ತು. ಟಾಂಗಾ ಹೋಗಿ ಆಟೋ ಬಂತು, ಹೇರು ಹೊರುವ ಕೆಲಸ ಟೆಂಪೋ ಪಾಲಾಯಿತು, ಕೆಲಸವಿಲ್ಲದ ಪ್ರಾಣಿಯನ್ನು ಹುರಳಿ ಹಾಕಿ ಸಾಕುವ ಶಕ್ತಿ ಬಡ ಕುಟುಂಬಗಳಿಗೆ ಉಳಿಯಲಿಲ್ಲ.

ಬಿಕಾನೇರಿನಲ್ಲಿರುವುದು ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಶಾಖೆ. ಅಲ್ಲಿ ಮೊಮ್ಮಗನಿಗೆ ಮೊದಲು ರಾಜಸ್ಥಾನದ ದೇಶಿ ತಳಿಯಾದ ಮಾರವಾಡಿ ಕುದುರೆಯ ಕಿವಿಗಳನ್ನು ತೋರಿಸಿ. ಅವು ಒಳಮುಖವಾಗಿ ಬಾಗಿದ್ದು, ಕುದುರೆ ಏನನ್ನಾದರೂ ಆಲಿಸಲು ನಿಮಿರಿಸಿದಾಗ ತುದಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತವೆ. ಹೆಣ್ಣು ಕುದುರೆ ಸುಮಾರು ಹನ್ನೊಂದು ತಿಂಗಳು ಗರ್ಭ ಧರಿಸಿ ಸಾಮಾನ್ಯವಾಗಿ ಒಂದೇ ಮರಿ ಹಾಕುವುದರಿಂದ, ಒಳ್ಳೆಯ ತಾಯಿಯೊಂದರಿಂದ ಅದರ ಆಯುಷ್ಯದಲ್ಲಿ ಸಿಗುವ ಮರಿಗಳು ಕೆಲವೇ. ಆದ್ದರಿಂದಲೇ ಅಲ್ಲಿನ ವಿಜ್ಞಾನಿಗಳು ಉತ್ತಮ ತಾಯಿಯ ಭ್ರೂಣವನ್ನು ಹೊರತೆಗೆದು ಬೇರೊಂದು ಕುದುರೆಯ ಗರ್ಭದಲ್ಲಿರಿಸುವ ವಿಧಾನವನ್ನು ಕೈಗೆತ್ತಿಕೊಂಡರು. ಹಾಗೆ 2023ರಲ್ಲಿ ಹುಟ್ಟಿದ ಮಾರವಾಡಿ ಹೆಣ್ಣುಮರಿಗೆ ‘ರಾಜ್ ಪ್ರಥಮಾ’ ಎಂದು ಹೆಸರಿಟ್ಟರು. ಹನ್ನೊಂದು ವರ್ಷದ ಹುಡುಗನಿಗೆ ಇದನ್ನು ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ. ಸವಾರಿ ಸಿಗದಿದ್ದರೂ ಅವನು ನಿರಾಶನಾಗಲಾರ.

ಬೇಸಿಗೆ ರಜೆಯಲ್ಲಿ ಮಾತ್ರ ಹೋಗಬೇಡಿ, ಮೇ ತಿಂಗಳ ಬಿಕಾನೇರು ಬೆಂಕಿಯಂತಿರುತ್ತದೆ. ಶಾಲೆಗೆ ಒಂದು ವಾರ ರಜೆ ಹಾಕಿಸಿಯಾದರೂ ಶಿವರಾತ್ರಿಯ ಆಸುಪಾಸಿನಲ್ಲಿ ಹೋಗುವುದು ಲೇಸೆಂದು ನನ್ನ ಅಭಿಪ್ರಾಯ. ಹಗಲು ಉದ್ದವಾಗುವ ಕಾಲಕ್ಕೆ ಕುದುರೆಗಳು ಬೆದೆಗೆ ಬರುವುದರಿಂದ ಮರುವರ್ಷ ಅದೇ ಹೊತ್ತಿಗೆ ಮರಿಗಳು ಹುಟ್ಟುತ್ತವೆ. ತಾಯಿಯ ಪಕ್ಕದಲ್ಲಿ ನಿಂತ ಎಳೆಮರಿ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು. ಯಶವಂತಪುರ–ಬಿಕಾನೇರ್ ರೈಲನ್ನು ಹುಬ್ಬಳ್ಳಿಯಲ್ಲಿ ಹತ್ತಬಹುದು, ಎರಡು ರಾತ್ರಿಯ ಪಯಣ. ಆ ಕೇಂದ್ರ ಸಂಶೋಧನೆಯ ಸ್ಥಳವಾದ್ದರಿಂದ ಮುಂಚಿತವಾಗಿ ಪತ್ರ ಬರೆದು, ಒಪ್ಪಿಗೆ ಬಂದ ಮೇಲೆಯೇ ಟಿಕೆಟ್ ತೆಗೆಯಿಸಿ.

ಒಂದು ಎಚ್ಚರಿಕೆ. ಗ್ಲ್ಯಾಂಡರ್ಸ್ ಎಂಬ ಸಾಂಕ್ರಾಮಿಕ ರೋಗ ಕುದುರೆಯಿಂದ ಕುದುರೆಗೆ ಮಾತ್ರವಲ್ಲ, ಮನುಷ್ಯರಿಗೂ ಹರಡಬಲ್ಲದು. ಆದ್ದರಿಂದ ಕೇಂದ್ರಕ್ಕೆ ಹೋಗುವ ಮೊದಲಿನ ದಿನಗಳಲ್ಲಿ ಜಾತ್ರೆಯಲ್ಲೋ ಮದುವೆ ಮೆರವಣಿಗೆಯಲ್ಲೋ ಹುಡುಗ ಕುದುರೆ ಮುಟ್ಟಿದ್ದರೆ ಅದನ್ನು ಅಲ್ಲಿನವರಿಗೆ ಮರೆಮಾಚದೆ ತಿಳಿಸಿ, ಒಗೆದ ಬಟ್ಟೆ, ತೊಳೆದ ಚಪ್ಪಲಿಯಲ್ಲೇ ಲಾಯದತ್ತ ಹೋಗಿ. ಕೈಯಲ್ಲಿ ಬೆಲ್ಲ ಹಿಡಿದು ಹೋಗುವುದು ಬೇಡ. ಕುದುರೆಗೆ ತನ್ನ ಬೆನ್ನ ಹಿಂದೆ ನೇರವಾಗಿ ನಿಂತವರು ಕಾಣಿಸುವುದಿಲ್ಲ. ಎಡಭುಜದ ಕಡೆಯಿಂದ, ಮೆಲ್ಲಗೆ ಮಾತನಾಡಿಸುತ್ತ ಹತ್ತಿರ ಹೋಗಬೇಕೆಂದು ಅವನಿಗೆ ಊರಲ್ಲೇ ಕಲಿಸಿರಿ.

ಕಲಿಸಲು ಕುದುರೆ ಎಲ್ಲಿದೆ ಎಂದು ಕೇಳುತ್ತೀರಾದರೆ, ನಿಮ್ಮ ಹೊಲದ ಬದುವಿಗೇ ಬರುತ್ತದೆ. ಸುಗ್ಗಿ ಮುಗಿದ ಮೇಲೆ ಕುರಿ ಹಿಂಡಿನೊಂದಿಗೆ ಬರುವ ಕುರಿಗಾಹಿಗಳ ತಟ್ಟುಗಳನ್ನು ನಾವು ಕುದುರೆಯೆಂದು ಲೆಕ್ಕಕ್ಕೇ ಹಿಡಿದಿಲ್ಲ. ಗದಗ–ಲಕ್ಷ್ಮೇಶ್ವರ ರಸ್ತೆಯಲ್ಲಿ ನಾನು ಕಂಡ ಒಂದು ತಟ್ಟುವಿನ ಬೆನ್ನ ಮೇಲೆ ಕಂಬಳಿ, ಬೋಗುಣಿ, ರೊಟ್ಟಿ ಹೆಂಚುಗಳ ನಡುವೆ ಚೀಲದಿಂದ ತಲೆ ಹೊರಹಾಕಿದ ಕುರಿಮರಿಯೊಂದು ಕುಳಿತಿತ್ತು. ಮಹಾರಾಷ್ಟ್ರದಲ್ಲಿ ಧನಗರರು ಹೀಗೆಯೇ ಹೇರು ಹೊರಿಸಿಕೊಂಡು ಬಂದ ಭೀಮಥಡಿ ಕುದುರೆಗೆ, ಒಂದು ಕಾಲದಲ್ಲಿ ಮರಾಠಾ ದಂಡಿನ ಕುದುರೆಗೆ, ಇತ್ತೀಚೆಗಷ್ಟೇ ಸ್ವತಂತ್ರ ತಳಿಯ ಮಾನ್ಯತೆ ದೊರೆತಿದೆ. ದಖ್ಖನ್ನಿನ ಈ ತಳಿ ಇಂದಿಗೂ ಉಳಿದಿರುವುದು ಹೆಚ್ಚಾಗಿ ಅಲೆಮಾರಿ ಕುಟುಂಬಗಳ ಕೈಯಲ್ಲಿ. ನಮ್ಮ ತಟ್ಟುಗಳು ಯಾವ ತಳಿಯವೆಂಬ ಕುತೂಹಲ ಹುಡುಗನಿಗೆ ಹುಟ್ಟಿದರೆ ಗದಗದ ಪಶುವೈದ್ಯಕೀಯ ಕಾಲೇಜಿನ ಅಧ್ಯಾಪಕರನ್ನು ವಿಚಾರಿಸಿ.

ರೈಲು ಹತ್ತುವ ಮೊದಲು ಒಂದು ಸಂಜೆ, ಕುರಿ ದಡ್ಡಿ ಹಾಕಿದ ಹೊಲಕ್ಕೆ ಅವನನ್ನು ಕರೆದುಕೊಂಡು ಹೋಗಿ, ಹಿರಿಯ ಕುರುಬರೊಬ್ಬರ ಅಪ್ಪಣೆ ಕೇಳಿ, ತಟ್ಟುವಿನ ಎಡಭುಜದ ಬಳಿ ನಿಲ್ಲಿಸಿರಿ.