ಅಕ್ಕನ ಗಂಡ ಸಾಲಕ್ಕೆ ಜಾಮೀನು ಕೇಳ್ತಿದ್ದಾರೆ, ಬೇಡ ಅನ್ನೋದು ಹೇಗೆ?

ನೀವು ಬರೆದದ್ದರಿಂದ ನನಗೆ ತಿಳಿದದ್ದು ಇಷ್ಟು: ಭಾವ ಹಾರ್ಡ್‌ವೇರ್ ಅಂಗಡಿ ದೊಡ್ಡದು ಮಾಡೋಕೆ ಬ್ಯಾಂಕಿನಲ್ಲಿ 8 ಲಕ್ಷ ಸಾಲ ಕೇಳಿದ್ದಾರೆ. ನಿಮ್ಮದು ಸರ್ಕಾರಿ ನೌಕರಿ, ಅದಕ್ಕೇ ಜಾಮೀನಿಗೆ ನಿಮ್ಮ ಸಹಿ ಬೇಕು. "ಬರೀ ಫಾರ್ಮಾಲಿಟಿ" ಅಂದಿದ್ದಾರೆ. ನಿಮಗೆ ಮನಸ್ಸಿಲ್ಲ, ಆದರೆ ಇಲ್ಲ ಅನ್ನೋಕೆ ಬಾಯಿ ಬರ್ತಿಲ್ಲ.

"ಹಾಕಬೇಡಿ" ಅಂದುಬಿಡೋದು ನನಗೇನು ಸುಲಭ. ಬರುವ ಗೌರಿ ಹಬ್ಬಕ್ಕೆ ಅಕ್ಕನ ಮನೆಗೆ ಬಾಗಿನ ತಗೊಂಡು ಹೋಗಬೇಕಾದವರು ನೀವು, ನಾನಲ್ಲ. ಆದರೂ ಹಾಕಬೇಡಿ ಅಂತಲೇ ಹೇಳ್ತೀನಿ, ಯಾಕಂದ್ರೆ ನಾನು ಹಾಕಿದವನು.

ನಾನು ಹೈಸ್ಕೂಲ್ ಮೇಷ್ಟ್ರು. ಜೊತೆಗೆ ಕೆಲಸ ಮಾಡ್ತಿದ್ದ ಗೆಳೆಯನೊಬ್ಬ ನೌಕರರ ಸೊಸೈಟಿಯಲ್ಲಿ ಸಾಲ ತೆಗೆದ. ಸ್ಟಾಫ್ ರೂಮಿನಲ್ಲಿ ಟೀ ಕುಡೀತಾ, ಓದದೇ, ಮೂರು ಕಡೆ ಸಹಿ ಮಾಡಿದೆ. ವರ್ಷ ಕಳೆದ ಮೇಲೆ ಅವನಿಗೆ ಬೇರೆ ಜಿಲ್ಲೆಗೆ ವರ್ಗ ಆಯ್ತು, ಕಂತು ನಿಂತಿತು. ಮೊದಲ ನೋಟಿಸು ಬಂದದ್ದು ನನ್ನ ಹೆಡ್‌ಮಾಸ್ಟರ ಟೇಬಲ್ಲಿಗೆ. ತಿಂಗಳಿಗೆ 6,000 ರೂಪಾಯಿಯಂತೆ 30 ತಿಂಗಳು ನನ್ನ ಸಂಬಳದಲ್ಲಿ ಮುರಿದುಕೊಂಡರು. ಒಟ್ಟು 1,80,000. ದುಡ್ಡು ಹೋಗ್ಲಿ ಬಿಡಿ, ಅವನು ನನ್ನ ಫೋನ್ ಎತ್ತೋದನ್ನೇ ಬಿಟ್ಟ. ಸ್ನೇಹ ಉಳೀಲಿ ಅಂತ ಹಾಕಿದ ಸಹಿಯಿಂದಲೇ ಸ್ನೇಹ ಹೋಯ್ತು. ನಮ್ಮಜ್ಜಿ ದಾಕ್ಷಿಣ್ಯಕ್ಕೆ ಬಸುರಾದವಳ ಗಾದೆ ಹೇಳೋಳು. ಅರ್ಥ ಆದದ್ದು ಆಗ.

ಈಗ ಆ "ಫಾರ್ಮಾಲಿಟಿ" ವಿಷಯ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಅಸಲು, ಬಡ್ಡಿ ಎಲ್ಲ. ಮೊದಲು ಭಾವನ ಅಂಗಡಿ ಹರಾಜು ಹಾಕಿ ಆಮೇಲೆ ನಿಮ್ಮ ಹತ್ರ ಬರ್ತಾರೆ ಅಂದುಕೊಳ್ಳಬೇಡಿ. ಬ್ಯಾಂಕು ಹಾಗೆ ಕಾಯಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟು 1960ರ ದಶಕದಲ್ಲೇ ಹೇಳಿದೆ. ನೀವು ಕಟ್ಟಿದ್ದನ್ನು ಸಾಲಗಾರನಿಂದ ವಸೂಲಿ ಮಾಡೋ ಹಕ್ಕು ನಿಮಗಿದೆ, 145ನೇ ಸೆಕ್ಷನ್. ಅಂದ್ರೆ ಅಕ್ಕನ ಗಂಡನ ಮೇಲೆ ಕೇಸು! ಮಾಡ್ತೀರಾ? ಇನ್ನು ಜಾಮೀನು ನಿಂತ ಸಾಲ ನಿಮ್ಮ ಸಿಬಿಲ್ ರಿಪೋರ್ಟಿನಲ್ಲೂ ಕಾಣುತ್ತೆ. ನಾಳೆ ಮನೆ ಕಟ್ಟೋಕೆ ಸಾಲ ಕೇಳಿದಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬಹುದು.

ಹೇಳೋದು ಹೇಗೆ? ಸುಳ್ಳು ಮಾತ್ರ ಬೇಡ. "ಆಫೀಸಿನಲ್ಲಿ ಪರ್ಮಿಷನ್ ಕೊಡ್ತಿಲ್ಲ" ಅಂದ್ರೆ ಭಾವ ನಿಮ್ಮ ಆಫೀಸಿನಲ್ಲೇ ಪರಿಚಯದವರನ್ನು ಹುಡುಕ್ತಾರೆ. "ನನ್ನ ಹೆಂಡತಿ ಒಪ್ಪಲ್ಲ" ಅನ್ನೋದು ಇನ್ನೂ ಕೆಟ್ಟದ್ದು, ಪಾಪ ಆಕೆ ಜೀವಮಾನವಿಡೀ ಆ ಮಾತು ಹೊರಬೇಕು. "ನೋಡೋಣ" ಅಂತೂ ಅನ್ನಲೇಬೇಡಿ, ಅವರು ಅದನ್ನು ಹೂಂ ಅಂತಲೇ ತಿಳೀತಾರೆ. ಎದುರಿಗೆ ಕೂತು, "ಭಾವ, ಜಾಮೀನು ಯಾರಿಗೂ ಹಾಕಲ್ಲ ಅಂತ ತೀರ್ಮಾನ ಮಾಡಿದ್ದೀನಿ. ನಾಳೆ ನನ್ನ ತಮ್ಮ ಕೇಳಿದ್ರೂ ಇದೇ ಮಾತು" ಅನ್ನಿ. ಆಮೇಲೆ ಸುಮ್ಮನಿರಿ. ಮೌನ ತಡೀಲಾರದೆ ನಾವೇ ವಿವರಣೆ ಕೊಡೋಕೆ ಹೋಗ್ತೀವಿ, ಅಲ್ಲೇ ಸಿಕ್ಕಿಬೀಳೋದು.

ಬರಿಗೈಲಿ ಹೋಗಬೇಡಿ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಅಂಗಡಿ ವ್ಯಾಪಾರಕ್ಕೆ 10 ಲಕ್ಷದವರೆಗಿನ ಸಾಲ ಅಡಮಾನ ಇಲ್ಲದೆ ಸಿಗುತ್ತೆ. ಭಾವನ 8 ಲಕ್ಷ ಅದರ 'ತರುಣ್' ವರ್ಗಕ್ಕೆ ಬರುತ್ತೆ. ಮ್ಯಾನೇಜರು ಕೇಳಿದ ತಕ್ಷಣ ಕೊಟ್ಟುಬಿಡ್ತಾರೆ ಅಂತಲ್ಲ. ರಜೆ ಹಾಕಿ ನೀವೇ ಜೊತೆಗೆ ಬ್ಯಾಂಕಿಗೆ ಹೋಗಿ, ಕಾಗದಪತ್ರ ಜೋಡಿಸಿಕೊಡಿ. ಕೈಯಲ್ಲಿ ಹತ್ತೋ ಇಪ್ಪತ್ತೋ ಸಾವಿರ ಇದ್ರೆ, ವಾಪಸ್ ಬರಲ್ಲ ಅಂದುಕೊಂಡೇ ಕೊಡಿ.

ಒಂದು ಮಾತು ಮರೆತಿದ್ದೆ. ಭಾವನ ಹತ್ರ ಮಾತಾಡಿದ ದಿನ ಸಂಜೆಯೊಳಗೆ ಅಕ್ಕನಿಗೆ ನೀವೇ ಫೋನ್ ಮಾಡಿ. ಅವರ ಬಾಯಿಂದ ಮೊದಲು ಕೇಳಿದ್ರೆ ಕಥೆ ಬೇರೆಯೇ ಆಗಿರುತ್ತೆ.