ನಿಮ್ಮ ಲೇಖನದ ಜೀವ ಏಳನೇ ಪುಟದಲ್ಲಿದೆ

ನಮಸ್ಕಾರ. ಗೂಗಲ್‌ನಲ್ಲಿ ಕೃತಕ ಬುದ್ಧಿಮತ್ತೆಯ (ಎಐ) ನೈತಿಕತೆ ನೋಡುವ ತಂಡದ ಸಹ-ಮುಖ್ಯಸ್ಥೆಯಾಗಿದ್ದ ಟಿಮ್ನಿಟ್ ಗೆಬ್ರು ಅವರ ಪ್ರಬಂಧಕ್ಕೆ ಬಂದ ತಡೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಎರಡು ಪುಟ ಬರೀ ಸಿಟ್ಟು. ಸಿಟ್ಟು ಸರಿಯಾದದ್ದೇ, ಆದರೆ ನಡೆದದ್ದೇನು ಅಂತ ಓದುಗರಿಗೆ ಗೊತ್ತಾಗಬೇಕಲ್ವಾ? 2020ರ ಕೊನೆಗೆ, ದೊಡ್ಡ ಭಾಷಾ ಮಾದರಿಗಳ (ಅಪಾರ ಬರಹದಿಂದ ಕಲಿತು ತಾವೇ ಬರೆಯುವ ಕಂಪ್ಯೂಟರ್ ವ್ಯವಸ್ಥೆಗಳ) ಅಪಾಯದ ಬಗ್ಗೆ ಬರೆದ ಪ್ರಬಂಧವನ್ನು ವಾಪಸ್ ಪಡೆಯಿರಿ, ಇಲ್ಲವೇ ನಮ್ಮ ಉದ್ಯೋಗಿಗಳ ಹೆಸರು ತೆಗೆಯಿರಿ ಎಂದಿತು ಕಂಪನಿ. ಆಕ್ಷೇಪ ಯಾರದ್ದು, ನಿಖರವಾಗಿ ಏನು ಅಂತ ತಿಳಿಸಿ, ಇಲ್ಲದಿದ್ದರೆ ಕೆಲಸ ಬಿಡುವ ದಿನ ಗೊತ್ತುಮಾಡೋಣ ಎಂದು ಗೆಬ್ರು ಷರತ್ತು ಹಾಕಿದರು. ರಾಜೀನಾಮೆ ಒಪ್ಪಿದ್ದೇವೆ ಅಂತ ಕಂಪನಿ, ಕೆಲಸದಿಂದ ತೆಗೆದರು ಅಂತ ಅವರು. ಇಷ್ಟನ್ನು ಮೊದಲು ಹೇಳಿ.

ಕಂಪನಿಯ ಮಾತನ್ನು ನೀವು ಸುಮ್ನೆ ‘ನೆಪ’ ಅಂತ ಮುಗಿಸಿದ್ದೀರಿ. ಹಾಗೆ ಮಾಡಬೇಡಿ. ಆಗ ಗೂಗಲ್‌ನ ಎಐ ವಿಭಾಗದ ಮುಖ್ಯಸ್ಥರಾಗಿದ್ದ ಜೆಫ್ ಡೀನ್ ಹೇಳಿದ್ದನ್ನು ಸರಿಯಾಗಿ ಇಡಿ: ಕಂಪನಿಯೊಳಗಿನ ಪರಿಶೀಲನೆಗೆ 2 ವಾರ ಬೇಕು, ಈ ಪ್ರಬಂಧ ಸಲ್ಲಿಕೆಯ ಗಡುವಿಗೆ 1 ದಿನ ಮೊದಲು ಬಂತು, ಮಾದರಿಗಳ ವಿದ್ಯುತ್ ಖರ್ಚು ತಗ್ಗಿಸುವ ಹೊಸ ಕೆಲಸಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದರ ಪಕ್ಕದಲ್ಲೇ, ಅಲ್ಲಿ ಕೆಲಸ ಮಾಡಿದವರೊಬ್ಬರು ಬಹಿರಂಗವಾಗಿ ಹೇಳಿದ್ದನ್ನೂ ಇಡಿ: ನನ್ನ ಪ್ರಬಂಧಗಳಲ್ಲಿ ಕಂಪನಿಯ ಗುಟ್ಟು ಹೊರಬೀಳುತ್ತದಾ ಅಂತ ನೋಡುತ್ತಿದ್ದರೇ ಹೊರತು, ಯಾವ ಸಂಶೋಧನೆಗಳನ್ನು ಉಲ್ಲೇಖಿಸಿದ್ದೇನೆ ಅಂತ ಯಾವತ್ತೂ ನೋಡಿದ್ದಿಲ್ಲ. ಜಗಳ ಇರುವುದೇ ಇಲ್ಲಿ. ಗುಟ್ಟು ಕಾಯಲು ಇಟ್ಟ ವ್ಯವಸ್ಥೆ ತೀರ್ಮಾನಗಳನ್ನೂ ತಿದ್ದಲು ಹೊರಟಿತಾ? ಕೆಲವು ಪ್ರಬಂಧಗಳಿಗೆ ಸಕಾರಾತ್ಮಕ ಧ್ವನಿ ಇರಲಿ ಎಂದು ಗೂಗಲ್‌ನ ಸಂಶೋಧಕರಿಗೆ ಹೇಳಲಾಗಿತ್ತು ಅಂತ ಅದೇ ಡಿಸೆಂಬರ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ಅದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ! ಆ ಪ್ರಬಂಧ 2021ರ ಮಾರ್ಚ್‌ನಲ್ಲಿ ಸಮ್ಮೇಳನವೊಂದರಲ್ಲಿ ಪ್ರಕಟವಾಯಿತು ಎನ್ನುವುದೂ ಇಲ್ಲ.

ಇನ್ನು ಏಳನೇ ಪುಟ. ಮಂಗಳೂರಿನ ಕಂಪನಿಯೊಂದರಲ್ಲಿರುವ ನಿಮ್ಮ ಗೆಳತಿಯ ಪ್ರಬಂಧ ಒಳಗಿನ ಪರಿಶೀಲನೆ ಮುಗಿಸಿ ವಾಪಸ್ ಬಂದಾಗ ಪಟ್ಟಿಯ ಕೊನೆಯ ಕಾಲಂ ಮಾಯವಾಗಿತ್ತು ಅಂತ ಬರೆದಿದ್ದೀರಿ, ಅದೂ ತುಳು ಮಾತು ಗುರುತಿಸುವಾಗ ಅವರ ಸಾಫ್ಟ್‌ವೇರ್ ಎಷ್ಟು ತಪ್ಪು ಮಾಡುತ್ತದೆ ಅಂತ ತೋರಿಸುವ ಕಾಲಂ! ತೆಗೆದವರು ಯಾರು ಅಂತ ಆಕೆಗೆ ಇವತ್ತಿಗೂ ಗೊತ್ತಿಲ್ಲ. ಗೆಬ್ರು ಕೇಳಿದ್ದೂ ಇದೇ ಪ್ರಶ್ನೆ. ಇಷ್ಟು ದೊಡ್ಡ ವಿಷಯವನ್ನು ಎರಡು ಸಾಲಲ್ಲಿ ಯಾಕೆ ಮುಗಿಸಿದಿರಿ? ಜರ್ನಲ್‌ಗಳ ವಿಮರ್ಶಕರೂ ಸಾಮಾನ್ಯವಾಗಿ ಹೆಸರು ಹೇಳುವುದಿಲ್ಲ, ನಿಜ. ಆದರೆ ಅವರ ಆಕ್ಷೇಪ ಬರಹದಲ್ಲಿ ಬರುತ್ತದೆ, ಉತ್ತರ ಕೊಡಬಹುದು, ಬೇರೆ ಜರ್ನಲ್‌ಗೂ ಕಳಿಸಬಹುದು. ಸಂಬಳ ಕೊಡುವವರೇ ಬೇಡ ಅಂದರೆ ಎಲ್ಲಿಗೆ ಹೋಗುವುದು?

ಲೇಖನ ಅಲ್ಲಿಂದಲೇ ಶುರುವಾಗಲಿ. ಮೊದಲು ಗೆಳತಿಯ ಒಪ್ಪಿಗೆ ಕೇಳಿ, ಆಕೆ ಬೇಡ ಅಂದರೆ ಆ ಭಾಗ ಬಿಟ್ಟುಬಿಡಿ. ಆಕೆಯದ್ದಾಗಲಿ ಕಂಪನಿಯದ್ದಾಗಲಿ ಹೆಸರು ಬೇಡ. ಪರಿಶೀಲಿಸಿದವರ ಮೇಲ್ ಏನಾದರೂ ಇದೆಯಾ, ಅದರಲ್ಲಿ ಕಾರಣ ಕೊಟ್ಟಿದ್ದಾರಾ ಕೇಳಿ. ಫೋನಿನಲ್ಲಿ ಹೇಳಿದ್ದಾದರೆ ಅದನ್ನೂ ಹಾಗೆಯೇ ಬರೆಯಿರಿ. ತಿದ್ದಿ ಬರೆಯುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಹಂಪನಕಟ್ಟೆಯ ಆಫೀಸಿಗೆ ಬನ್ನಿ, ಸಂಜೆ ನಾನು ಇರುತ್ತೇನೆ, ಕೂತು ಮಾತಾಡುವ.